ಹಳೇ ಪಿಕಪ್‌ನ ಸೋರುವ ಪೆಟ್ರೋಲ್ ಟ್ಯಾಂಕಿಗೆ ಸೀಲರ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಕಿಟ್‌ನಲ್ಲಿ ಮೂರು ಡಬ್ಬಿ ಇರುತ್ತವೆ: ಜಿಡ್ಡು ತೆಗೆಯುವ ದ್ರಾವಣ, ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ, ಒಳಮೈಗೆ ಹರಿಸುವ ಸೀಲರ್. ಉಕ್ಕಿನ ಟ್ಯಾಂಕಿನ ಸೂಜಿಮೊನೆಯಂಥ ತೂತು, ಬೆಸುಗೆ ಅಂಚಿನ ಜಿನುಗು, ಇವೆರಡಕ್ಕೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಐದರಲ್ಲಿ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಸೂಚನಾ ಚೀಟಿಗೆ. ಒಣಗಿಸುವ ವಿಷಯವನ್ನು ಅದು ಒಂದೇ ಸಾಲಿನಲ್ಲಿ ಮುಗಿಸುತ್ತದೆ, ಕೆಲಸ ಕೆಡುವುದು ಅಲ್ಲೇ.

ಕಿಟ್ ಕೊಳ್ಳುವ ಮೊದಲು ಸೋರುತ್ತಿರುವುದು ಟ್ಯಾಂಕಿಯೇ ಹೌದಾ ನೋಡಿ. ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ಸೋರಿದರೆ ಫಿಲ್ಲರ್ ಪೈಪಿನ ರಬ್ಬರ್, ಗಾಳಿ-ಆವಿ ಓಡಾಡುವ ವೆಂಟ್ ಹೋಸ್ ಅಥವಾ ಗೇಜ್ ಯೂನಿಟ್ಟಿನ (ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಓ-ರಿಂಗ್, ಅಂದರೆ ರಬ್ಬರ್ ಬಳೆಯ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುವಾಗ ಮಾತ್ರವಾದರೆ ಪಂಪಿನಿಂದ ಮುಂದಕ್ಕೆ ಹೋಗುವ ಲೈನ್. ಗಾಡಿ ಸುಮ್ಮನೆ ನಿಂತಾಗಲೂ ತೊಟ್ಟಿಕ್ಕಿ, ಒಂದು ಮಟ್ಟಕ್ಕೆ ಇಳಿದ ಮೇಲೆ ನಿಂತರೆ, ತೂತು ಆ ಮಟ್ಟದಲ್ಲೇ ಇದೆ. ಹನಿ ಬೀಳುವ ಜಾಗ ನಂಬಬೇಡಿ, ಪೆಟ್ರೋಲ್ ಅಂಚು ಹಿಡಿದು ಹರಿದು ಎಲ್ಲೋ ಬೀಳುತ್ತದೆ. ತಳವನ್ನು ಒರೆಸಿ ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿದರೆ ಒದ್ದೆ ಗೆರೆ ಮೇಲಕ್ಕೆ ದಾರಿ ತೋರಿಸುತ್ತದೆ. ಹೆಚ್ಚಿನ ತೂತುಗಳು ಸಿಗುವುದು ಟ್ಯಾಂಕಿಯನ್ನು ಹಿಡಿದ ಪಟ್ಟಿಗಳ ಅಡಿಯಲ್ಲಿ. ಅಲ್ಲಿ ಕೆಸರು ಕೂತು ತೇವ ಆರುವುದೇ ಇಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಪೆಟ್ರೋಲನ್ನು ಕ್ಯಾನಿಗೆ ಇಳಿಸಿ. 40 ಲೀಟರ್ ಅಂದರೆ ಸುಮಾರು 30 ಕೆ.ಜಿ., ಅದೂ ಒಳಗೇ ತುಳುಕುವ ಭಾರ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಬಯಲಲ್ಲೇ ಈ ಕೆಲಸ. ಗೇಜ್ ಯೂನಿಟ್ಟಿನ ಲಾಕ್ ರಿಂಗನ್ನು ಹಿತ್ತಾಳೆ ಪಂಚಿನಿಂದ ತಟ್ಟಿ ತಿರುಗಿಸಿ, ಉಕ್ಕಿನ ಉಳಿ ಕಿಡಿ ಹಾರಿಸುತ್ತದೆ.

ಒಳಗಿನ ತುಕ್ಕಿನ ಹಕ್ಕಳೆ ಸಡಿಲಾಗಲು ಸಣ್ಣ ಸರಪಳಿ ಹಾಕಿ, ಜಿಡ್ಡು ತೆಗೆಯುವ ದ್ರಾವಣ ಮತ್ತು ಬಿಸಿನೀರಿನ ಜೊತೆ ಎಲ್ಲ ಮಗ್ಗುಲಿಗೂ ಕುಲುಕಿ. ಸರಪಳಿಯ ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟಿರಿ. ಕೆಲವರು ಬಿಡಿ ನಟ್‌ಗಳನ್ನು ಹಾಕುತ್ತಾರೆ. ಟ್ಯಾಂಕಿನೊಳಗೆ ತುಳುಕು ತಡೆಯುವ ತಗಡಿನ ಗೋಡೆಯ ಹಿಂದೆ ಒಂದು ಉಳಿದರೂ ಅದನ್ನು ಹುಡುಕುವುದೇ ದೊಡ್ಡ ಕೆಲಸ. ಆಮ್ಲ ಹಾಕಿ, ಚೀಟಿ ಹೇಳಿದಷ್ಟು ಹೊತ್ತು ಎಲ್ಲ ಮೈಯೂ ನೆನೆಯುವಂತೆ ತಿರುಗಿಸಿ, ತೊಳೆಯಿರಿ.

ಈಗ ಒಣಗಿಸುವುದು. ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆಯೇ ಬೆಚ್ಚನೆ ಗಾಳಿ ಊದಬೇಕು. ಮೈ ಒಣಗಿದಂತೆ ಕಂಡರೂ ತಟ್ಟೆಗಳು ಸೇರುವ ಅಂಚಿನ ಸಂದಿಯಲ್ಲಿ ನೀರು ಉಳಿದಿರುತ್ತದೆ. ತಂತಿಯ ತುದಿಗೆ ಟಿಶ್ಯೂ ಸುತ್ತಿ ಆ ಸಂದಿಗೆ ಒತ್ತಿ ತೆಗೆಯಿರಿ; ಅದು ಒಣಗಿಯೇ ಹೊರಬರುವ ತನಕ ಸೀಲರ್ ಡಬ್ಬಿ ತೆರೆಯಬೇಡಿ. ಗಾಳಿಯ ತೇವದಿಂದ ಗಟ್ಟಿಯಾಗುವ ಬಗೆಯ ಸೀಲರ್, ನೀರಿನ ಹನಿ ಸಿಕ್ಕರೆ ಗುಳ್ಳೆ ಏಳುತ್ತದೆ. ಆ ಗುಳ್ಳೆಯೇ ಮುಂದೆ ಸಿಪ್ಪೆಯಾಗಿ ಎದ್ದು ಪಂಪಿನ ಜಾಲರಿಯನ್ನು ಮುಚ್ಚಿಬಿಡುತ್ತದೆ. ಕಿಟ್‌ಗೆ ಬರುವ ಬೈಗುಳದ ಬಹುಪಾಲಿಗೆ ಕಾರಣ ಇದೇ.

ಸೀಲರ್ ಹಾಕಿ ನಿಧಾನವಾಗಿ ಉರುಳಿಸಿ, ಹೆಚ್ಚಿದ್ದನ್ನು ಬಸಿದುಬಿಡಿ. ತಳದಲ್ಲಿ ಮಡುಗಟ್ಟಿದ್ದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕೊಳವೆಗಳಿಗೆಲ್ಲ ಗಾಳಿ ಊದಿ ತೆರವು ಮಾಡುವುದನ್ನು ಮರೆತರೆ ರಿಟರ್ನ್ (ಎಂಜಿನ್‌ನಿಂದ ಪೆಟ್ರೋಲ್ ವಾಪಸ್ ಬರುವ ಕೊಳವೆ) ಅಥವಾ ವೆಂಟ್ ಮುಚ್ಚಿಹೋಗಿ ಹೊಸ ತಲೆನೋವು. ನಾನು ನೋಡಿದ ಕಿಟ್‌ಗಳಲ್ಲಿ ಪೆಟ್ರೋಲ್ ತುಂಬುವ ಮೊದಲು 96 ಗಂಟೆ ಕಾಯಲು ಹೇಳಿದೆ. ತಣ್ಣನೆ ದಿನಗಳಲ್ಲಿ ಇನ್ನೂ ಒಂದು ದಿನ ಬಿಡುವುದು ಒಳ್ಳೆಯದು. ಕೈಗವಸು ಕಡ್ಡಾಯ, ಸೀಲರ್ ಚರ್ಮಕ್ಕೆ ಹಿಡಿದರೆ ತಾನಾಗಿ ಸವೆದೇ ಹೋಗಬೇಕು.

ಎಪಾಕ್ಸಿ ಪುಟ್ಟಿ ಅಗ್ಗ, ಆದರೆ ಅದು ತಾತ್ಕಾಲಿಕ. ಪೆಟ್ರೋಲ್ ಮಟ್ಟವನ್ನು ತೂತಿನ ಕೆಳಗೆ ಇಳಿಸಿ, ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ಅಸಿಟೋನ್‌ನಿಂದ ಒರೆಸಿ ಹಚ್ಚಿದರೆ ನಿಲ್ಲುತ್ತದೆ. ಒದ್ದೆಯ ಮೇಲೆ ಹಚ್ಚಿದ್ದು ಕಂಪನಕ್ಕೆ ಎದ್ದು ಬರುತ್ತದೆ. ಮಾಮೂಲಿ ಸಿಲಿಕೋನ್ ಅಂತೂ ಪೆಟ್ರೋಲಿಗೆ ಉಬ್ಬಿ ಬಿಡುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಬಾರ್ ಸೋಪನ್ನು ತೂತಿಗೆ ತಿಕ್ಕಿ ಮನೆ ತನಕ ಬರಬಹುದು, ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ.

ಪ್ಲಾಸ್ಟಿಕ್ ಟ್ಯಾಂಕಿಗೆ ಈ ಕಿಟ್ ಬೇಡ, ಹಿಡಿಯುವುದಿಲ್ಲ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದರೆ ತಗಡು ಒಳಕ್ಕೆ ಬಾಗುವಷ್ಟು ತುಕ್ಕಿದ್ದರೂ ಬೇಡ, ಹೊಸ ಟ್ಯಾಂಕಿಯೇ ಸರಿ. ಖಾಲಿ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವ ಯೋಚನೆ ಬಿಟ್ಟುಬಿಡಿ: ಸಿಡಿಯುವುದು ಪೆಟ್ರೋಲಲ್ಲ, ಗಾಳಿ ಬೆರೆತ ಆವಿ. ಅದು ತುಂಬಿದ ಟ್ಯಾಂಕಿಗಿಂತ ಖಾಲಿಯಲ್ಲೇ ಹೆಚ್ಚು.

ಮತ್ತೆ ಏರಿಸುವಾಗ ಪಟ್ಟಿಯಡಿಯ ರಬ್ಬರ್, ಓ-ರಿಂಗ್, ಫಿಲ್ಟರ್ ಮೂರನ್ನೂ ಬದಲಿಸಿ. ಹೋಸ್ ಕತ್ತರಿಸುವಾಗ ನೆನಪಿಡಿ, ಟ್ಯಾಂಕಿನ ಒಳಗೆ ಮುಳುಗಿರುವ ತುಂಡಿಗೆ ಮಾಮೂಲಿ ಫ್ಯುಯೆಲ್ ಹೋಸ್ ಆಗದು. ಅದರ ಮೇಲೆ ಎಸ್‌ಎಇ 30ಆರ್10 ಎಂಬ ಗುರುತು ಇರಬೇಕು. ಮೊದಲ ಸಲ ಅರ್ಧ ಟ್ಯಾಂಕ್ ಮಾತ್ರ ತುಂಬಿಸಿ, ಅಡಿಗೆ ಒಣ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿ. ರಟ್ಟು ಒಣಗಿದ್ದರೆ ಉಳಿದರ್ಧ ತುಂಬಿಸಿ ಮೇಲ್ಭಾಗದ ಜೋಡಣೆಗಳನ್ನು ನೋಡಿ.