ಎಕ್ಸ್‌ಎಂಪಿಯೋ, ಓವರ್‌ಕ್ಲಾಕಿಂಗೋ: ವಿಜಯಪುರದ ಬಿಸಿಲಿನಲ್ಲಿ ಒಂದು ಹೋಲಿಕೆ

ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಮೂಲಕ ಕಂಪ್ಯೂಟರಿನ ವೇಗ ಹೆಚ್ಚಿಸಬಯಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಮೆಮೊರಿಯ ಎಕ್ಸ್‌ಎಂಪಿ ಪ್ರೊಫೈಲ್ (ತಯಾರಕರು ಅದರಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಚಾಲೂ ಮಾಡುವುದು, ಇಲ್ಲವೇ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ವೇಗ 3200 ಎಂದು ಮುದ್ರಿತವಾದ ಡಿಡಿಆರ್4 ಮಾದರಿಯ ಮೆಮೊರಿ, ಪ್ರೊಫೈಲ್ ಚಾಲೂ ಮಾಡದಿದ್ದರೆ, ಅನೇಕ ವೇಳೆ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಪ್ರೊಫೈಲ್ ಆರಿಸಿದರೆ ವೇಗ, ಟೈಮಿಂಗ್ (ಮೆಮೊರಿ ಸ್ಪಂದಿಸಲು ತೆಗೆದುಕೊಳ್ಳುವ ಸಮಯದ ಅಳತೆ) ಹಾಗೂ ಸಾಮಾನ್ಯವಾಗಿ 1.2ರಿಂದ 1.35 ವೋಲ್ಟ್‌ಗೇರುವ ವೋಲ್ಟೇಜ್ ತಯಾರಕರು ನಿಗದಿಪಡಿಸಿದ ಅಳತೆಗೆ ಬರುತ್ತವೆ, ಯಂತ್ರ ಏಳದೇ ಹೋದರೂ ಸಿಮಾಸ್ (ಬಯಾಸ್ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಪುಟ್ಟ ಸ್ಮರಣೆ) ತೆರವುಗೊಳಿಸಿದರೆ ಹಳೆಯ ಸ್ಥಿತಿ ಮರಳುತ್ತದೆ. ಓವರ್‌ಕ್ಲಾಕಿಂಗ್‌ನಲ್ಲಿ ಗುಣಕವನ್ನೂ (ಪ್ರೊಸೆಸರಿನ ವೇಗ ನಿರ್ಧರಿಸುವ ಮಲ್ಟಿಪ್ಲೈಯರ್) ವೋಲ್ಟೇಜನ್ನೂ ನಾವೇ ಏರಿಸುತ್ತ, ಪ್ರತಿ ಹೆಜ್ಜೆಗೂ ತಾಪ ನೋಡಬೇಕು. ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಪೆಟ್ಟಿಗೆಯೊಳಗೆ ನುಗ್ಗುವ ಗಾಳಿಯೇ ಕಾದಿರುವುದರಿಂದ, ಸಂಕ್ರಾಂತಿಗೆ ಸ್ಥಿರವಾಗಿದ್ದ ಸೆಟ್ಟಿಂಗ್ ಯುಗಾದಿ ಕಳೆಯುತ್ತಲೇ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ತೋರಿಸಬಹುದು. ಗಾಂಧಿ ಚೌಕದ ಆಸುಪಾಸಿನ ಡಿಟಿಪಿ ಅಂಗಡಿಯವರಿಗೆ ಮೊದಲನೆಯದೇ ಸಾಕೆಂಬುದು ನನ್ನ ಅಭಿಪ್ರಾಯ.