ನೆಟ್ ಇಲ್ಲದ ಶಾಲೆಗೆ ಕೋಲಿಬ್ರಿ: ಒಂದು ವರ್ಷ ಬಳಸಿದ ಮೇಲೆ

ನಮ್ಮ ಶಾಲೆಯಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಆನ್‌ಲೈನ್ ಪಾಠ ಅಂದರೆ ನಾವು ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಹಾಗಾಗಿ ಕೋಲಿಬ್ರಿ ಹಾಕಿಕೊಂಡೆ. ನೆಟ್ ಇಲ್ಲದ ಕಡೆಗೆಂದೇ ಲರ್ನಿಂಗ್ ಈಕ್ವಾಲಿಟಿ ಎಂಬ ಲಾಭರಹಿತ ಸಂಸ್ಥೆ ಮಾಡಿರುವ, ಪಾಠ ಕಲಿಸುವ ಉಚಿತ ತಂತ್ರಾಂಶ. ಖಾನ್ ಅಕಾಡೆಮಿಯ ವಿಡಿಯೋಗಳನ್ನು ಆಫ್‌ಲೈನ್ ತೋರಿಸಲು 2012ರಲ್ಲಿ ಬಂದ ಕೆಎ ಲೈಟ್ ಇದರ ಅಣ್ಣ.

ಎಟಿಎಂ ಕಾರ್ಡಿನಷ್ಟಗಲದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಹಳೇ ರೂಟರ್, ಹನ್ನೆರಡು ಟ್ಯಾಬ್. ಇಷ್ಟೇ ಸಾಮಾನು. ಪಾಠಗಳನ್ನು ನೆಟ್ ಇರುವಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ತುಂಬುತ್ತೇನೆ. ಮಕ್ಕಳು ಬ್ರೌಸರ್‌ನಲ್ಲಿ ತೆರೆಯುತ್ತಾರೆ. ಪೈ ತಾನೇ ವೈಫೈ ಕೊಡುತ್ತದೆ ನಿಜ, ಆದರೆ ಹತ್ತಾರು ಮಕ್ಕಳು ಒಟ್ಟಿಗೆ ವಿಡಿಯೋ ಒತ್ತಿದರೆ ಏದುಸಿರು ಬಿಡುತ್ತದೆ. ರೂಟರ್ ಇರಲಿ.

ಮೊದಲು ಆಸೆಬುರುಕನ ಹಾಗೆ ಸಿಕ್ಕಿದ್ದೆಲ್ಲ ತುಂಬಿದೆ. ಪೈನ ಮೆಮೊರಿ ಕಾರ್ಡ್ ಭರ್ತಿ, ಮಕ್ಕಳು ಕಾಡುಪಾಲು. ಈಗ ಒಂದು ಪಾಠಕ್ಕೆ ಒಂದು ವಿಡಿಯೋ, ಒಂದು ಅಭ್ಯಾಸ, ಅಷ್ಟೇ. ಯಾರು ಯಾವ ಲೆಕ್ಕದಲ್ಲಿ ತಪ್ಪಿದರು ಅನ್ನುವುದು ನನ್ನ ಪರದೆಯಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಓಡಿದ್ದು ಫೆಟ್ (ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ಪಾಠಗಳು) ಕೊಡುವ ವಿದ್ಯುತ್ ಮಂಡಲ. ತಂತಿಯನ್ನು ಬ್ಯಾಟರಿಗೆ ನೇರ ಸುತ್ತಿದರೆ ಅದು ಹೊತ್ತಿ ಉರಿಯುತ್ತದೆ. ಮೊದಲ ದಿನ ಹನ್ನೆರಡು ಟ್ಯಾಬಲ್ಲೂ ಬೆಂಕಿ! ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ನಾನು ಬೋರ್ಡ್ ಮೇಲೆ ಬರೆಯಲೇ ಇಲ್ಲ.

ಗೋಳು ಇರುವುದು ಕರೆಂಟಿನದ್ದು. ಪೈ 4ಕ್ಕೆ ಸ್ವಿಚ್ಚಿಲ್ಲ. ನಾನೇ ಅವಸರಕ್ಕೆ ಪ್ಲಗ್ ಕಿತ್ತು ಮೆಮೊರಿ ಕಾರ್ಡ್ ಕೆಡಿಸಿಕೊಂಡೆ. ತುಂಬಿದ ಕಾರ್ಡಿನ ಇನ್ನೊಂದು ಪ್ರತಿ ಬೀರುವಿನಲ್ಲಿ ಇಟ್ಟಿರಿ. ಬ್ಯಾಟರಿ ಇರುವ ಗಡಿಯಾರವೂ ಪೈಗಿಲ್ಲ, ನೆಟ್ ಇಲ್ಲದಿದ್ದರೆ ದಿನಾಂಕ ಹಿಂದೆ ಬೀಳುತ್ತದೆ. ಸೋಮವಾರದ ಅಭ್ಯಾಸವನ್ನು ಹುಡುಗರು ಹಿಂದಿನ ಶುಕ್ರವಾರವೇ ಮುಗಿಸಿದ್ದಾರೆ ಎಂದು ವರದಿ ಬಂದಾಗ ನನ್ನ ತಲೆಯೇ ಕೆಟ್ಟಿತೇನೋ ಅನ್ನಿಸಿತ್ತು. ಬಟನ್ ಸೆಲ್ ಹಾಕುವ, ಆರ್‌ಟಿಸಿ ಎಂಬ ಪುಟ್ಟ ಗಡಿಯಾರದ ಮಾಡ್ಯೂಲ್ ಕೂರಿಸಿದ ಮೇಲೆ ಸರಿಹೋಯಿತು.

ಒಂದು ನಕ್ಷತ್ರ ಕಡಿತ ಭಾಷೆಗಾಗಿ. ಇಂಗ್ಲಿಷಿನಲ್ಲಿ ಇರುವಷ್ಟು ಸರಕು ಬೇರೆ ಭಾಷೆಗಳಲ್ಲಿಲ್ಲ. ನಮ್ಮದೇ ಪಾಠ ಸೇರಿಸಲು ಕೋಲಿಬ್ರಿ ಸ್ಟುಡಿಯೋ ಇದೆ, ಅದಕ್ಕೆ ಮಾತ್ರ ನೆಟ್ ಬೇಕು. ರಜೆಯಲ್ಲಿ ಕೂತು ಭಿನ್ನರಾಶಿಯ ಆರು ಪಾಠ ನನ್ನ ದನಿಯಲ್ಲೇ ಮಾಡಿ ಸೇರಿಸಿದೆ. ಹಿಂದಿನ ಬೆಂಚಿನವನೊಬ್ಬ ಇಯರ್‌ಫೋನ್ ಕಿತ್ತು ರಾಗ ಎಳೆದ: "ಸಾರ್, ಇದರೊಳಗೂ ನೀವೇನಾ?"