ಅತ್ತೆಯ ಸಂಜೆಗೆ ಯಾವ ಹಾಡಿನ ಡಬ್ಬಿ?

ದಾವಣಗೆರೆ ಮಂಡಿಪೇಟೆಯಲ್ಲಿ 850 ರೂಪಾಯಿಗೆ ತಂದ ಪೆನ್‌ಡ್ರೈವ್ ಸ್ಪೀಕರೇ ನಮ್ಮ ಮನೆಯಲ್ಲಿ ಗೆದ್ದಿದ್ದು. ಅದಕ್ಕೂ ಮೊದಲು ಕೈ ಸುಟ್ಟುಕೊಂಡ ಕತೆ ಇದೆ.

ಅತ್ತೆಗೆ 78. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷವಾಯಿತು. ಹೊತ್ತು ಮುಳುಗುವಾಗ ಚಡಪಡಿಕೆ ಜಾಸ್ತಿ. ಡಾಕ್ಟರುಗಳು ಇದಕ್ಕೆ ಸನ್‌ಡೌನಿಂಗ್ ಅನ್ನುತ್ತಾರೆ. ‘ನಮ್ಮನಿಗೆ ಹೋಗ್ತೀನಿ’ ಅಂತ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಎರಡು ಗಂಟೆ ಕಳೆಯುವಷ್ಟರಲ್ಲಿ ನನಗೆ ತಲೆ ಸಿಡಿಯುತ್ತಿರುತ್ತದೆ. ‘ಹಾಡು ಹಾಕಿ, ನಿಮಗೂ ಹಗುರ ಆಗುತ್ತೆ’ ಅಂದರು ಡಾಕ್ಟರು.

ಮೊದಲು ನನಗಂತಲೇ 1,400 ರೂಪಾಯಿಯ ನೆಕ್‌ಬ್ಯಾಂಡ್, ಅಂದರೆ ಕೊರಳಿಗೆ ಹಾಕಿಕೊಳ್ಳುವ ಇಯರ್‌ಫೋನ್, ತಂದೆ. ಸೌಂಡ್ ಭರ್ಜರಿ. ಆದರೆ ಅತ್ತೆ ಚಿಲಕ ತೆಗೆದ ಸದ್ದೇ ಕೇಳಲಿಲ್ಲ, ಪಕ್ಕದ ಓಣಿಯಲ್ಲಿ ಸಿಕ್ಕರು. ಈಗ ಅದು ಮಗನ ಕೊರಳಲ್ಲಿದೆ.

ಆಮೇಲೆ ಮೊಬೈಲ್‌ನ ಪುಕ್ಕಟೆ ಆ್ಯಪ್. ಹಾಡು ಬೇಕಾದಷ್ಟು. ಕಾಟ ಕೊಟ್ಟಿದ್ದು ಜಾಹೀರಾತು. ವಚನ ಮೆಲ್ಲಗೆ ಸಾಗುತ್ತಿರುತ್ತದೆ, ಅತ್ತೆಯ ಕಣ್ಣು ಅರೆ ಮುಚ್ಚಿರುತ್ತದೆ, ತಟ್ಟನೆ ಒಬ್ಬ ಗಂಡಸು ಸಾಲ ಬೇಕಾ ಅಂತ ಕೂಗುತ್ತಾನೆ. ಅತ್ತೆ ಗಡಬಡಿಸಿ ಎದ್ದು, ‘ಯಾರೋ ಬಂದಾರ ನೋಡವಾ, ಚಾ ಇಡು’ ಅನ್ನುತ್ತಾರೆ.

ಯಾರೂ ಬಂದಿಲ್ಲ ಅಂದರೆ ಸಿಟ್ಟು. ಬಂದವರನ್ನು ಹೊರಗೆ ನಿಲ್ಲಿಸಿದೆ ಅಂತ ಬೈಗುಳ. ಒಂದು ದಿನ ನಾನು ಬಟ್ಟೆ ತರಲು ಮಹಡಿಗೆ ಹೋಗಿದ್ದೆ. ಕೆಳಗಿಳಿದು ಬಂದರೆ ಅತ್ತೆ ಗ್ಯಾಸ್ ಹಚ್ಚಿ ಬರೀ ಪಾತ್ರೆ ಇಟ್ಟಿದ್ದರು. ತಳ ಕೆಂಪಗಾಗಿತ್ತು. ಜಾಹೀರಾತಿನವನಿಗೆ ಚಾ! ದುಡ್ಡು ಕೊಟ್ಟರೆ ಜಾಹೀರಾತು ಬರಲ್ಲ ಅಂತ ಗೊತ್ತು. ಆದರೆ ಫೋನ್ ಬಂದಾಗ ಹಾಡು ನಿಲ್ಲುತ್ತದಲ್ವಾ? ನಮ್ಮ ನಾದಿನಿ ಫೋನ್ ಮಾಡೋದೇ ಸಂಜೆ ಆರಕ್ಕೆ.

ಚಿತ್ರದುರ್ಗ ಆಕಾಶವಾಣಿ, 102.6, ನನಗೆ ಇಷ್ಟ. ಆದರೆ ನಮಗೆ ಬೇಕಾದ ಹಾಡು ಬೇಕಾದ ಹೊತ್ತಿಗೇ ಬರಬೇಕು ಅಂದರೆ ರೇಡಿಯೋದಲ್ಲಿ ಆಗುವ ಮಾತಲ್ಲ. ತರಬೇತಿ ಪಡೆದ ಮ್ಯೂಸಿಕ್ ಥೆರಪಿಸ್ಟ್ ಹತ್ತಿರ ಹೋಗುವುದು ಬೇರೆಯದೇ ಲೆಕ್ಕ, ಸುಮ್ನೆ ಹಾಡು ಕೇಳುವುದಕ್ಕೆ ಅದನ್ನು ಹೋಲಿಸಬಾರದು. ಸದ್ಯಕ್ಕೆ ನಮ್ಮ ಬಜೆಟ್ಟಿನಲ್ಲಿಲ್ಲ.

ಪೆನ್‌ಡ್ರೈವ್‌ಗೆ ಮಗ 60 ಹಾಡು ತುಂಬಿಕೊಟ್ಟ. ಸೋಬಾನೆ, ವಚನ, ಅತ್ತೆ ಹರೆಯದಲ್ಲಿ ಕೇಳಿದ ಸಿನಿಮಾ ಹಾಡು. ಎಷ್ಟೋ ನೆನಪು ಅಳಿಸಿಹೋದರೂ ಹರೆಯದಲ್ಲಿ ಕೇಳಿದ ಹಾಡು ಬಹಳ ದಿನ ಉಳಿಯುತ್ತದೆ ಅನ್ನುತ್ತಾರೆ. ಅದು ನಿಜ. ನನ್ನ ಹೆಸರು ಮರೆತವರು ಸೋಬಾನೆಯ ಸಾಲು ತಪ್ಪಿಸಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಟ್ಟರೆ ಆರಿಸುತ್ತಾ ಕೂರುತ್ತಾರೆ, ಮೊರದ ಅಂಚಿಗೆ ಉಂಗುರದ ಬೆರಳು ತಾಳ ಹಾಕುತ್ತದೆ. ನಾನು ರೊಟ್ಟಿ ತಟ್ಟುತ್ತಾ ದನಿಗೂಡಿಸುತ್ತೇನೆ. ಅಷ್ಟು ಹೊತ್ತು ‘ಎಲ್ಲಿಗೆ ಹೊರಟ್ರಿ’ ಅಂತ ಕೇಳುವ ಕೆಲಸ ನನಗಿಲ್ಲ.

ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ, ಸಾಕು. ತೊಂದರೆ ಒಂದೇ. ಆಫ್ ಮಾಡಿ ಹಾಕಿದರೆ ಮತ್ತೆ ಒಂದನೇ ಹಾಡಿನಿಂದಲೇ ಶುರು. ಭಾನುವಾರ ಮಗ ಊರಿಗೆ ಬಂದಾಗ ಹಾಡುಗಳನ್ನು ಹಿಂದೆಮುಂದೆ ಮಾಡಿಸಬೇಕು. ಅತ್ತೆಗಲ್ಲ, ನನಗೆ.